ನಮ್ಮ ದೇಶದ ಗಿಡ್ಡ ಗೆರಿ

ನಿಮ್ಮ ಅಕ್ಕನ ಅತ್ತಿ ಯಾರು ಅಂತ ಯಾರರ ಕೇಳಿದರ, ನಮ್ಮ ಆಯಿ ಅಂತಿದ್ದೆ. ಅಕ್ಕನ ಗಂಡ ಯಾರು ಅಂದರ ನಮ್ಮ ಮಾವ, ಅವ್ವನ ಖಾಸ ತಮ್ಮ. ಹಂಗಾರ ಅಕ್ಕನ ನಾದಿನಿ ಯಾರು? ನಮ್ಮ ಅವ್ವನ! ಹೊರಗಿನ ಮಂದಿಗೆ ಇದನ್ನ ಬಿಡಿಸಿ ಹೇಳೂದರೊಳಗ ಕೈಯಾಗಿನ ಚಾ ಆರಿಹೋಗ್ತದ. ನಮ್ಮ ಕಲಬುರ್ಗಿ ಕಡೆಯವ್ರಿಗೆ ಒಂದ ಮಾತು ಸಾಕು. ಸ್ವಾದರಮಾವಗ ಕೊಟ್ಟಾರ.

ಇದರಾಗ ಭಾಳ ಫಾಯಿದೆ ಅದ ಅಂತಿದ್ಲು ಆಯಿ. ಹೊಲ ಒಡಿಯೂದಿಲ್ಲ, ಬಂಗಾರ ಹೊರಗ ಹೋಗೂದಿಲ್ಲ, ಹುಡುಗಿ ಅತ್ತಿ ಕಾಟ ಅಂತ ಅಳಕೋತ ತವರಿಗೆ ಬರೂದಿಲ್ಲ. "ಹಿತ್ತಲ ಗಿಡ ಮದ್ದಲ್ಲ ಅಂದವ ಯಾವನೋ ಹುಚ್ಚ. ನಮ್ಮ ಮನಿ ನಿಂತಿದ್ದ ಹಿತ್ತಲ ಗಿಡದ ಮ್ಯಾಲ" ಅಂತಿದ್ಲು. ಖರೇ ಅದ. ಆಯಿನೂ ತನ್ನ ಸ್ವಾದರಮಾವಗ ಕೊಟ್ಟಿದ್ರು. ಅವ್ವಗ ಸ್ವಾದರತ್ತಿ ಮಗ ಸಿಕ್ಕಿದ್ದ, ಅಂವ ನಮ್ಮ ಅಪ್ಪ. ಮೂರು ತಲಿಮಾರಿನಿಂದ ನಮ್ಮ ಮನಿಯೊಳಗ ಹೊರಗಿನ ರಕ್ತ ಅನ್ನೂದು ಸೊಳ್ಳಿ ಹೊಟ್ಟ್ಯಾಗ ಇದ್ದರ ಇತ್ತು.

ನಮ್ಮದು ಕಲಬುರ್ಗ್ಯಾಗ ಶರಣಬಸವೇಶ್ವರ ಗುಡಿ ಹತ್ತಿರ ಮನಿ, ಅಪ್ಪಂದು ಕಾಳಿನ ಅಂಗಡಿ. ಆಯಿ ಮನಿ ಕಮಲಾಪುರದಾಗ. ಹುಮನಾಬಾದ ಬಸ್ಸು ಹತ್ತಿದರ ಒಂದ ನಿದ್ದಿ ಆಗೂದರೊಳಗ ಊರು ಬರ್ತದ. ಮಾವಂದು ಅಲ್ಲಿ ಕೆಂಪು ಬಾಳಿ ತ್ವಾಟ. ಆ ಹಣ್ಣು ಕಲಬುರ್ಗಿ ಸೂಪರ್ ಮಾರ್ಕೆಟ್ ಬಜಾರಿಗೆ ಬಂತಂದ್ರ ಮಂದಿ ಹಿಸುಕಿ ಸುದ್ದಾ ನೋಡದ ಒಯ್ತಿದ್ರು. ಅಕ್ಕ ಮದುವ್ಯಾಗಿ ಆ ತ್ವಾಟದ ಮನಿಗೆ ಹೋದಾಗ ನಾ ಇನ್ನ ಲಂಗ ಉಡತಿದ್ದೆ. ಅಕ್ಕಗ ನಾಚಿಕಿನೂ ಇದ್ದಿದ್ದಿಲ್ಲ, ಅಂಜಿಕಿನೂ ಇದ್ದಿದ್ದಿಲ್ಲ. ಸಣ್ಣಾಕಿ ಇದ್ದಾಗ ತನ್ನ ಹೆಗಲ ಮ್ಯಾಲ ಹೊತ್ತು ತಿರಗಿಸಿದವನ್ನ ನೋಡಿ ಯಾರು ನಾಚತಾರ?

ಅಕ್ಕ ಮೊದಲನೇ ಸಲ ಬಸುರಾದಾಗ ಸೂರ್ಯಗ್ರಹಣ ಬಂತು. ಗ್ರಹಣ ಹಿಡದಾಗ ಬಸುರಿ ಹೆಂಗಸು ಕತ್ತಲ ಖೋಲ್ಯಾಗ ಸೆಟದು ಮಲಗಬೇಕು. ಈಳಿಗಿ ಮುಟ್ಟಿದರ ಕೂಸಿನ ತುಟಿ ಸೀಳ್ತದ. ಕಾಲು ಮಡಚಿದರ ಕೂಸಿನ ಕಾಲು ಸೊಟ್ಟ. ಮೈ ತುರಿಸಿಕೊಂಡರ ತುರಿಸಿದ ಜಾಗಾದಾಗ ಏನರ ಒಂದು ಐಬು. ಆಯಿ ಅಕ್ಕನ್ನ ಖೋಲಿ ಒಳಗ ಮಲಗಿಸಿ, ಕಿಡಕಿಗೆ ಕೌದಿ ಕಟ್ಟಿ, ತಾನ ಹೊಸ್ತಿಲ ಮ್ಯಾಲ ಕಾವಲು ಕುಂತ್ಲು. ಗ್ರಹಣ ಬಿಟ್ಟ ಮ್ಯಾಲ ಅಕ್ಕಗ ಜಳಕ ಮಾಡಿಸಿ ಆಮ್ಯಾಲ ತುತ್ತು ಹಾಕಿದ್ಲು. ಇಷ್ಟು ಚಂದ ಬಂದೋಬಸ್ತ ಮಂತ್ರಿ ಬಂದಾಗೂ ಇರೂದಿಲ್ಲ.

ಕೂಸು ಹುಟ್ಟಿತು. ಹೆಣ್ಣು. ನಡುಬೆನ್ನಿನ ಮ್ಯಾಲ ಬದನಿಕಾಯಿಯಷ್ಟು ಗಂಟು. ಕಾಲು ಆಡಸವಲ್ದು. ತೊಟ್ಟಿಲಿಗೆ ಹಾಕಿ ಹೆಸರಿಡೂದರೊಳಗ ಹೋತು. ತ್ವಾಟದ ಮೂಲ್ಯಾಗ ಹೂತು, ಮಂದಿ ಬಂದು ಕೈಕಾಲು ತೊಳಕೊಂಡು ಪಡಸಾಲ್ಯಾಗ ಕುಂತ್ರು. ವಿಚಾರಣಿ ಚಾಲು ಆತು.

ಗಂಟು ಎಲ್ಲಿತ್ತು? ಬೆನ್ನ ಮ್ಯಾಲ. ಹಂಗಾರ ಗ್ರಹಣದಾಗ ಬೆನ್ನಿಗೆ ಏನು ಮಾಡಿದಿ?

"ಏನೂ ಮಾಡಿಲ್ಲ" ಅಂದ್ಲು ಅಕ್ಕ.

"ಗ್ವಾಡಿಗೆ ತಿಕ್ಕಿರಬೇಕು. ನೆನಪ ಮಾಡ್ಕೊ" ಅಂದ್ಲು ಆಯಿ. ಹೊಸ್ತಿಲ ಮ್ಯಾಲ ಕುಂತಾಕಿ ತಾನ. ಅಕ್ಕಂದು ತಪ್ಪಲ್ಲಂದ್ರ ಕಾವಲಿಂದು ತಪ್ಪು ಆಗ್ತದ. ಹಿಂಗಾಗಿ ಬಿಡವಲ್ಲಳು. ಹಸಿ ಬಾಣಂತಿ, ಎದಿ ತುಂಬ ಹಾಲು, ಕುಡಿಯಾಕ ಕೂಸಿಲ್ಲ. ಅಂಥಾಕಿ ಎಷ್ಟು ಹೊತ್ತು ಇಲ್ಲ ಇಲ್ಲ ಅಂದಾಳು? ಕಡೀಕೆ ಗ್ವಾಡಿ ಕಡೆ ಮುಖ ಮಾಡಿ "ತಿಕ್ಕಿರಬೇಕು ಬಿಡು" ಅಂದ್ಲು. ಅಷ್ಟ ಸಾಕಾತು. ಮರುದಿನ ಊರ ಬಾವಿ ಕಟ್ಟಿಗೆ ಹೋದ ಹೆಂಗಸರಿಗೆಲ್ಲ ಗೊತ್ತಿತ್ತು, ಆಕಿ ಗ್ರಹಣದಾಗ ಬೆನ್ನ ತಿಕ್ಕಿಕೊಂಡಾಳ ಅಂತ. ಅವತ್ತಿನಿಂದ ಅಕ್ಕ ಬೆನ್ನ ತುರಿಸಿಕೊಂಡಿದ್ದನ್ನ ನಾ ನೋಡಿಲ್ಲ. ನಮ್ಮ ಕಡೆ ಬ್ಯಾಸಿಗಿ ಅಂದ್ರ ಗೊತ್ತಲ್ಲ, ಮೈಯೆಲ್ಲ ಬೆವರಸಾಲಿ ಏಳ್ತದ. ಆವಾಗ ಸುದ್ದಾ ಹಲ್ಲು ಕಚ್ಚಿ ಕುಂದ್ರತಿದ್ಲು.

ಎರಡನೇದು ಗಂಡು. ಈ ಸಲ ಗ್ರಹಣ ಇದ್ದಿದ್ದಿಲ್ಲ. ಕೂಸು ನೋಡಾಕ ಬೆಣ್ಣಿ ಮುದ್ದಿ ಇದ್ದಂಗ ಇತ್ತು. ಆದರ ಕುಡಿಸಿದ ಹಾಲು ಮೂಗಿನಾಗ ಬರ್ತಿತ್ತು, ಮೈ ನೀಲಿ ಆಗ್ತಿತ್ತು. ಬಾಜು ಮನಿಯಾಕಿ ದೃಷ್ಟಿ ಅಂತ ಉಪ್ಪು ಮೆಣಸಿನಕಾಯಿ ಇಳಿಸಿದ್ರು. ಇಳಿಸಿ ಇಳಿಸಿ ಸಾಕಾದ ಮ್ಯಾಲ ಜೀಪು ಮಾಡ್ಕೊಂಡು ಕಲಬುರ್ಗಿ ದವಾಖಾನಿಗೆ ತಂದ್ರು. ಅಲ್ಲಿ ಡಾಕ್ಟರು, ಅನ್ನನಾಳ ಹೊಟ್ಟಿ ತನಕ ಕೂಡೇ ಇಲ್ಲ, ಹುಟ್ಟಿದ ದಿನಾನ ತರಬೇಕಾಗಿತ್ತು ಅಂದ್ರು. ಆಯಿ ಅವರ ಎದುರಿಗೇ ನಿಂತು ಕೇಳಿದ್ಲು. ಮಣ್ಣು ಮಾಡಿ ಮನಿಗೆ ಬಂದು ಏನು ಹೇಳಿದ್ಲು ಗೊತ್ತದೇನು? "ಡಾಕ್ಟರೂ ಅದನ್ನ ಅಂದ. ದೃಷ್ಟಿಗೆ ಗಂಟಲ ಕಟ್ಟೇದ ಅಂತ. ಈಕಿ ಸೆರಗು ಮುಚ್ಚದ ಹಾಲು ಕುಡಿಸ್ಯಾಳ."

ಈ ಎರಡು ಕೂಸು ಹೋದ ಮ್ಯಾಲ ಆಯಿಗೆ ಉಪಾಯ ಹೊಳೀತು. ದೊಡ್ಡಾಕಿ ಕೈಯಾಗ ಕೂಸು ದಕ್ಕವಲ್ಲವು. ಮಾವಗ ಇನ್ನೊಂದು ಲಗ್ನ ಮಾಡೂಣು. ಮಾವಂದು ಸರ್ಕಾರಿ ನೌಕರಿ ಅಲ್ಲ, ಕೇಳವ್ರು ಯಾರಿಲ್ಲ. ಹೊರಗಿಂದ ಸವತಿ ತಂದ್ರ ದೊಡ್ಡಾಕಿಗೆ ಕಾಟ ಕೊಟ್ಟಾಳು, ಅದಕ್ಕ ಮನಿ ಹುಡುಗಿನ್ನ ತರೂಣು. ಮನಿ ಹುಡುಗಿ ಯಾರು? ನಾ!

ಅವ್ವ ಇದನ್ನ ನನಗ ಹೇಳುವಾಗ ಜ್ವಾಳದ ಹಿಟ್ಟು ನಾದಾಕತ್ತಿದ್ಲು, ನನ್ನ ಮುಖ ನೋಡಲಿಲ್ಲ. "ಅಕ್ಕನ ಬಾಳೇ ಉಳೀತದವ್ವಾ. ಇಲ್ಲಂದ್ರ ಆಕಿನ್ನ ತಂದು ಇಲ್ಲಿ ಬಿಡ್ತಾರ" ಅಂದ್ಲು. ನಾ ಬಿ.ಎಸ್ಸಿ. ಎರಡನೇ ವರ್ಷದಾಗಿದ್ದೆ. ಸಿಟ್ಟಿಗೆ ಬಾಯಿಂದ ಮಾತ ಬರಲಿಲ್ಲ. ಅವ್ವ ಅದನ್ನ ಒಪ್ಪಿಗಿ ಅಂತ ತಿಳಕೊಂಡ್ಲು. ನಮ್ಮ ಮನ್ಯಾಗ ಹೆಣ್ಣಮಕ್ಕಳು ಸುಮ್ಮನಿದ್ದಾಗೆಲ್ಲ ಒಂದು ಲಗ್ನ ಗಟ್ಟಿ ಆಗೇದ.

ಅದ ವಾರ ನಮ್ಮ ಕಾಲೇಜಿಗೆ ಮಕ್ಕಳ ಡಾಕ್ಟರು ಒಬ್ರು ಭಾಷಣಕ್ಕ ಬಂದ್ರು. ಬಿಳಿ ಪಡದೆ ಮ್ಯಾಲ ಒಂದು ಚಿತ್ರ ಬಿಟ್ರು. ಒಂದೊಂದು ದೇಶಕ್ಕ ಒಂದೊಂದು ನಿಂತ ಗೆರಿ. ವರ್ಷ ತುಂಬೂದರೊಳಗ ಸತ್ತ ಕೂಸುಗಳೊಳಗ, ಹುಟ್ಟುವಾಗಲೇ ದೇಹದಾಗ ಕೊರತಿ ಇದ್ದು ಸತ್ತವು ಎಷ್ಟು ಪಾಲು ಅನ್ನೂ ಲೆಕ್ಕ ಅದು. ಶ್ರೀಮಂತ ದೇಶದ ಗೆರಿ ಒಂದೊಂದೂ ತೆಂಗಿನ ಗಿಡದಂಗ ಎದ್ದಿದ್ದವು. ಕಡೀಕೆ ನಮ್ಮಂಥವರದು ಬೆಂಕಿಕಡ್ಡಿ. ಹಿಂದಿನ ಬೆಂಚಿನ ಹುಡುಗರು ಕ್ರಿಕೆಟ್ಟಿನಾಗ ಗೆದ್ದಂಗ ಚಪ್ಪಾಳಿ ಹೊಡದ್ರು.

ಡಾಕ್ಟರು ನಗಲಿಲ್ಲ. "ಚಪ್ಪಾಳಿ ಸಾಕ್ರಪಾ. ಅಲ್ಲಿ ಭೇದಿ, ಜ್ವರ, ಧನುರ್ವಾಯುಕ್ಕ ಕೂಸುಗಳು ಸಾಯೂದು ನಿಂತದ. ಉಳಿದಿದ್ದು ಇದ ಒಂದು. ಅದಕ್ಕ ಗೆರಿ ಉದ್ದ ಕಾಣ್ತದ. ಇಲ್ಲಿ ಎಲ್ಲಾದಕ್ಕೂ ಸಾಯ್ತಾವ. ಅದರ ಮ್ಯಾಲ, ಯಾತಕ್ಕ ಸತ್ತಿತು ಅಂತ ಯಾರೂ ನೋಡೂದಿಲ್ಲ. ನೋಡದವ್ರು ಬರಸೂದೇನು?" ಅಂದ್ರು. ಆಮ್ಯಾಲ ಕೇಳಿದ್ರು, "ಯಾರ್ಯಾರ ಅಪ್ಪ ಅವ್ವ ಒಂದ ಕಳ್ಳುಬಳ್ಳಿಯವ್ರು, ಕೈ ಎತ್ರಿ." ಅರ್ಧ ಸಭಾ ಕೈ ಎತ್ತಿತು. ಚಪ್ಪಾಳಿ ಹೊಡದವರೂ ಎತ್ತಿದ್ರು. ರಕ್ತ ಹತ್ತಿರ ಆದಷ್ಟು ಇಂಥಾ ಕೂಸು ಹುಟ್ಟೂ ಸಂಭವ ಹೆಚ್ಚು ಅಂತ ಡಾಕ್ಟರು ತಿಳಿಸಿ ಹೇಳಿದ್ರು. ನಾ ಕೈ ಇಳಿಸೂದನ್ನ ಮರತು ಕುಂತಿದ್ದೆ.

ಸಿಕ್ಕಿತಲ್ಲ ಹತಾರ! ಸ್ಟೇಶನ್ ಬಜಾರಿನಾಗ ಡ್ರಾಯಿಂಗ್ ಹಾಳಿ ತೊಗೊಂಡು, ಕೆಂಪು ನೀಲಿ ಸ್ಕೆಚ್ ಪೆನ್ನಿಲೆ ಆ ಗೆರಿಗೋಳನ್ನೆಲ್ಲ ತಿದ್ದಿ ತೀಡಿ ಬರದೆ. ದೇಶದ ಹೆಸರು ಕನ್ನಡದಾಗ. ಸುತ್ತಿ ಬಗಲಾಗ ಇಟಗೊಂಡು ಕಮಲಾಪುರದ ಬಸ್ಸು ಹತ್ತಿದೆ. ಕಂಡಕ್ಟರ್ "ಏನ್ರಿ ಅಕ್ಕಾರ, ಮನಿ ಕಟ್ಟೂ ನಕಾಶೆಯೇನು?" ಅಂದ. "ಮನಿ ಕೆಡವೂದು" ಅಂದೆ.

ಪಡಸಾಲ್ಯಾಗ ಹಾಳಿ ಬಿಚ್ಚಿದರ ಅದು ಮತ್ತ ಸುತ್ತಿಕೋತಿತ್ತು. ಮಾವ ಎದ್ದು ಹೋಗಿ ನಾಕು ಕೆಂಪು ಬಾಳಿಹಣ್ಣು ತಂದು ನಾಕು ಮೂಲಿಗೆ ಇಟ್ಟ. ನಾ ಮಾಸ್ತರತಿ ಗತ್ತಿನಾಗ ಎಲ್ಲಾ ಹೇಳಿದೆ. ಆಯಿ ಚಷ್ಮಾ ಹಾಕ್ಕೊಂಡು ಬಗ್ಗಿ ನೋಡಿದ್ಲು.

"ಈ ಉದ್ದಂದು ಯಾರ್ದು?"

"ಹೊರದೇಶದವ್ರದು."

"ಅವರು ಮಾವಗ ಮಗಳು ಕೊಡ್ತಾರೇನು?"

"ಛೀ! ಇಲ್ಲ."

"ಈ ಗಿಡ್ಡಂದು?"

"ನಮ್ದು."

"ನಾವು ಕೊಡ್ತೀವಿ?"

"ಕೊಡ್ತೀವಿ. ಅದಕ್ಕ ನಾ..."

"ಮತ್ತ!" ಆಯಿ ಚಷ್ಮಾ ತಗದ್ಲು. "ಕೊಡದವ್ರದು ಉದ್ದ, ಕೊಟ್ಟವ್ರದು ಗಿಡ್ಡ. ಏ ಹುಚ್ಚಿ, ನೀನ ನಿನ್ನ ಕೈಯಾರೆ ಬರದು ತಂದೀಯಲ್ಲ. ಇದಕ್ಕಿಂತ ಸಾಕ್ಷಿ ಬೇಕೇನು?"

ನನಗ ಕಣ್ಣಾಗ ನೀರು ಬಂದ್ವು. ಹಂಗಲ್ಲ ಆಯಿ, ಇಲ್ಲಿ ಯಾರೂ ನೋಡೂದಿಲ್ಲ, ಬರಸೂದಿಲ್ಲ, ಅದಕ್ಕ ಗಿಡ್ಡ ಅಂತ ಬಡಕೊಂಡೆ. "ಯಾರು ನೋಡೂದಿಲ್ಲ? ಹೊಸ್ತಿಲ ಮ್ಯಾಲ ಕುಂತು ನೋಡಿದಾಕಿ ನಾ ಇಲ್ಲೇನು?" ಅಂದ್ಲು. ಒಳಗ ಬಂದಿದ್ದ ಓಣಿ ಹೆಂಗಸರಿಗೆ ಹಾಳಿ ತೋರಿಸಿ, ನೋಡ್ರೆವ್ವಾ, ಎಲ್ಲಾ ದೇಶಕ್ಕಿಂತ ನಮ್ಮ ಪದ್ಧತಿನ ಚಲೋ ಅಂತ ಕಾಲೇಜಿನಾಗ ಬರದಾರಂತ ಅಂದ್ಲು. ಅವರು ಹೌದ್ ಹೌದ್ ಅಂದ್ರು. ನನ್ನ ಅಸ್ತ್ರದಿಂದ ನನ್ನ ಕುತ್ತಿಗಿನ ಕೊಯ್ದಂಗಾತು.

ಮಂದಿ ಎದ್ದು ಹೋದ ಮ್ಯಾಲ ಅಕ್ಕ ಅಡಗಿಮನಿಯಿಂದ ಬಂದು ಹಾಳಿ ಬಾಜು ತುದಿಗಾಲ ಮ್ಯಾಲ ಕುಂತ್ಲು.

"ನನ್ನವು ಇದರಾಗ ಎಲ್ಲಿ ಅದಾವ?"

"ಇಲ್ಲಕ್ಕಾ. ಯಾರೂ ಬರಸಿಲ್ಲ."

"ಆ ದೇಶದಾಗ ಹುಟ್ಟಿದ್ರ?"

"ಹುಟ್ಟಿದ್ರ ಈ ಉದ್ದಂದರಾಗ ಇರ್ತಿದ್ವು."

ಅಕ್ಕ ಬೆರಳಿಲೆ ಆ ಉದ್ದನ ಗೆರಿ ಮುಟ್ಟಿದ್ಲು. "ಅಲ್ಲಿ ತಾಯಂದ್ರಿಗೆ ಕೇಳ್ತಾರೇನು, ಬೆನ್ನಿಗೆ ಏನು ಮಾಡಿದಿ ಅಂತ?"

"ಇಲ್ಲ. ಡಾಕ್ಟರ್ ನೋಡ್ತಾರ, ಇದ್ದಿದ್ದು ಬರೀತಾರ."

"ಹೂಂ" ಅಂದು ಆಕಿ ಬಾಳಿಹಣ್ಣು ಎತ್ತಿದ್ಲು. ಹಾಳಿ ತಾನ ಸುತ್ತಿಕೊಂಡಿತು.

ಮಾವ ನನ್ನ ಬಸ್ಸಿಗೆ ಹತ್ತಿಸಾಕ ಬಂದ. ಬಸ್ಸು ಬಂದ ಮ್ಯಾಲ, "ನನಗೂ ಎರಡನೇದು ಬ್ಯಾಡವ್ವಾ. ನೀನ ನಿಮ್ಮ ಆಯಿಗೆ ತಿಳಿಸಿ ಹೇಳು" ಅಂದ. "ನಿನ್ನ ಅವ್ವ ಅಲ್ಲೇನೋ ಮಾವಾ, ನೀ ಹೇಳು" ಅಂದೆ. ಬಾಳಿ ಗೊನಿ ಹೊರೂವಾಗ ಎರಡಾಳಿನ ಬಲ ಇದ್ದ ಮನಷ್ಯಾ ತೆಳಗ ಮಾರಿ ಹಾಕಿದ. ಅವ್ವನ ಮುಂದ ಗಂಡಸರು ಇಂಥಾವ್ರ. ಬಸ್ಸಿನಾಗ ಕುಂತು ಅತ್ತೆ. ನನಗ ಮಾವನ ಮ್ಯಾಲ ಸಿಟ್ಟೂ ಇತ್ತು, ಅಂತಃಕರಣಾನೂ ಇತ್ತು. ಗಂಡ ಅಂತ ಮಾತ್ರ ಆತನ್ನ ನೆನಸ್ಕೊಳ್ಳಾಕ ನನ್ನ ಕೈಲೆ ಆಗ್ತಿದ್ದಿಲ್ಲ.

ನನ್ನ ಪಾರು ಮಾಡಿದ್ದು ವಿಜ್ಞಾನ ಅಲ್ಲ. ತಾರೀಖು ಗಟ್ಟಿ ಮಾಡೂದರೊಳಗ ಅಕ್ಕ ಮತ್ತ ಬಸುರಾದ್ಲು. "ಇದೊಂದು ನೋಡಿಬಿಡೂಣು" ಅಂದ್ಲು ಆಯಿ. ಒಂಬತ್ತು ತಿಂಗಳು ನಾ ಪರೀಕ್ಷಾ ಓದಲಿಲ್ಲ, ಅಕ್ಕನ ಹೊಟ್ಟಿ ಓದಿದೆ. ಆ ಕೂಸು ಬದಕದಿದ್ರ ಅಕ್ಕನ ತಲಿ ಮ್ಯಾಲ ಸವತಿ ನಾ. ಹುಟ್ಟಿದ್ದು ಗಂಡು. ಬೆನ್ನು ನೆಟ್ಟಗ, ಗಂಟಲ ಘಂಟಿ ಹೊಡದಂಗ. ಆಯಿ ಇದರ ಕಾರಣಾನೂ ಹುಡಕಿ ಇಟ್ಟಿದ್ಲು: ಈ ಸಲ ಅಕ್ಕಗ ಜೋಡಿ ಬಾಳಿಹಣ್ಣು ಮುಟ್ಟಗೊಟ್ಟಿದ್ದಿಲ್ಲ, ಶರಣಬಸಪ್ಪಗ ದೀಡ ನಮಸ್ಕಾರ ಬೇಡಕೊಂಡಿದ್ಲು. ಕೂಸು ಸತ್ತರ ತಾಯಿ ಕಾರಣ, ಬದಕಿದರ ಆಯಿ ಕಾರಣ. ನನ್ನ ಚಾರ್ಟು ಬಾಳಿಹಣ್ಣಿನ ಬುಟ್ಟಿಗೆ ಹಾಸಿದ್ರು.

ನಾ ಡಿಗ್ರಿ ಮುಗಿಸಿ ಹೈಸ್ಕೂಲ ಮಾಸ್ತರತಿ ಆದೆ. ಲಗ್ನಕ್ಕ ಒಂದ ಶರತ್ತು ಹಾಕಿದ್ದೆ, ಎಲ್ಲೂ ಕಳ್ಳುಬಳ್ಳಿ ಕೂಡಬಾರದು. ರಾಯಚೂರ ಕಡೆ ಹುಡುಗ ಸಿಕ್ಕ. ಅವರ ಮನಿಗೆ ಹೋಗಿ ಮುತ್ಯಾನ ಮುತ್ಯಾನ ತನಕ ಕೇಳಿದೆ. "ಹುಡುಗನ ಪಗಾರ ಕೇಳೂದು ಬಿಟ್ಟು ಇದೇನ್ರಿ?" ಅಂದ್ರು ಅವರು. ಆಯಿ ಅಕ್ಕಿಕಾಳು ಹಾಕಾಕ ಬಂದಾಕಿ, "ಹೊರಗಿಂದು ಅಂತ ಬಲು ಆರಿಸಿ ತಂದೀ. ನೋಡೂಣು" ಅಂದು ಹೋದ್ಲು.

ನನ್ನ ಕೂಸೂ ಹೆಣ್ಣು. ಅತ್ತಾಗ ತುಟಿ ಉಗುರು ನೀಲಿ ಆಗ್ತಿದ್ವು. ಕಾಲೇಜಿಗೆ ಭಾಷಣಕ್ಕ ಬಂದಿದ್ದ ಅದ ಡಾಕ್ಟರ ಹಂತ್ಯಾಕ ಒಯ್ದೆ. ಅವರ ಕೂದಲ ಬೆಳ್ಳಗಾಗಿತ್ತು. ಎದಿಗೆ ಕೊಳವಿ ಹಚ್ಚಿ ಭಾಳ ಹೊತ್ತು ಕೇಳಿದ್ರು. ಹೃದಯದಾಗ ತೂತು ಅದ, ಹೈದರಾಬಾದಿಗೋ ಮುಂಬೈಗೋ ಒಯ್ಯಬೇಕು, ಇನ್ನ ಜರಾ ತೂಕ ಏರಲಿ ಅಂದ್ರು.

"ನಾ ಸಂಬಂಧ ಬಿಟ್ಟು ಹೊರಗ ಮಾಡ್ಕೊಂಡೀನ್ರಿ ಡಾಕ್ಟರೇ. ನೀವು ಹೇಳಿದ್ರಿ ಅಂತ" ಅಂದೆ. ಜಗಳಕ್ಕ ಹೋದಾಕಿ ಹಂಗ ಅಂದೆ.

"ಹೊರಗಿನವ್ರಿಗೂ ಆಗ್ತದವ್ವಾ. ಕಡಿಮಿ ಆಗ್ತದ ಅಂದಿದ್ದೆ. ಆಗೂದೇ ಇಲ್ಲ ಅಂದಿದ್ದಿಲ್ಲ."

ತೂಕ ಏರೂದರೊಳಗ ಕೂಸು ಹೋತು. ಎದಿ ತುಂಬ ಹಾಲು ಅಂದ್ರ ಏನು ಅಂತ ಆವಾಗ ನನಗೂ ತಿಳೀತು. ಆಯಿ ಕಮಲಾಪುರದಿಂದ ಬಂದು ನನ್ನ ಬಾಜು ಕುಂತು, ತಲಿ ಸವರಿ, ಮೆಲ್ಲಕ ವಿಚಾರಣಿ ಚಾಲು ಮಾಡಿದ್ಲು. ಗ್ರಹಣದಾಗ ಏನು ಮಾಡಿದ್ದಿ? ಗ್ರಹಣ ಇದ್ದಿದ್ದೇ ಇಲ್ಲ ಆಯಿ ಅಂದೆ. ಆಕಿ ಪಂಚಾಂಗ ನೋಡಿಸಿಕೊಂಡ ಬಂದಿದ್ಲು. ಒಂದು ಗ್ರಹಣ ಇತ್ತಂತ, ನಮ್ಮ ದೇಶದಾಗ ಕಂಡಿಲ್ಲ, ಹೊರದೇಶದಾಗ ಕಂಡದ. "ಹೊರದೇಶದ ಪುಸ್ತಕ ಓದಾಕಿ ನೀ. ನಿನಗ ಆ ದೇಶದ ಗ್ರಹಣ ಹತ್ತೇದ" ಅಂದ್ಲು. ನನ್ನ ಗಂಡ ಪಾಪ, ರಾಯಚೂರಿನಂವ, ನಗಬೇಕೋ ಅಳಬೇಕೋ ತಿಳೀದ ಹೊರಗ ಹೋದ. ನಾ ಗ್ವಾಡಿ ಕಡೆ ಮುಖ ಮಾಡಿ ಮಲಗಿದೆ. ಕಾಲಬುಡಕ ಅಕ್ಕ ಕುಂತಿದ್ಲು. ಆಕಿ ನನ್ನ ಪಾದ ಗಟ್ಟಿ ಹಿಡಕೊಂಡು, "ಏನೂ ಒಪ್ಪಬ್ಯಾಡ" ಅಂದ್ಲು. ಆಯಿಗೆ ಕೇಳೂವಂಗ ಅಂದ್ಲು.

ಸಾವು ಬರಸೂ ಕಚೇರಿಗೆ ಅಕ್ಕನ ನನ್ನ ಕರಕೊಂಡು ಹೋದ್ಲು. ಕಿಡಕಿ ಆಚೆ ಗುಮಾಸ್ತ ಕೂಸಿನ ವಯಸ್ಸು ಕೇಳಿದ. ಯಾತರಿಂದ ಹೋತು ಅಂತ ಕೇಳಿದ. ಹುಟ್ಟುವಾಗಲೇ ಹೃದಯದಾಗ ತೂತು ಇತ್ತು ಅಂದೆ.

"ಸಣ್ಣ ಕೂಸಿಗೆ ಅಷ್ಟೆಲ್ಲ ಯಾಕ್ರಿ ಬಾಯಾರ? ಜ್ವರ ಅಂತ ಹಾಕ್ತೀನಿ, ಲಗೂನ ಮುಗೀತದ."

ನನಗ ಎಲ್ಲಿತ್ತೋ ಸಿಟ್ಟು. "ಜ್ವರ ಬಂದಿದ್ದಿಲ್ಲ ನನ್ನ ಮಗಳಿಗೆ! ಡಾಕ್ಟರ್ ಚೀಟಿ ಕೊಟ್ಟಾರ, ಅದರಾಗ ಏನದ ಅದನ್ನ ಬರೀರಿ. ನಮ್ಮ ಗೆರಿ ಗಿಡ್ಡ ಇದ್ದಿದ್ದು ಸಾಕು!" ಅಂತ ಒದರಿದೆ. ಯಾವ ಗೆರಿ ಅಂತ ಅವನಿಗೇನು ಗೊತ್ತು? ಸಾಲಿನಾಗಿನ ಮಂದಿ ನನ್ನ ನೋಡಾಕತ್ರು. ಅಂವ ಚೀಟಿ ತೊಗೊಂಡು ಒಂದೊಂದ ಅಕ್ಷರ ನೋಡಿ ಬರದ.

ಮುಗೀತು ಅಂತ ನಾ ತಿರುಗಿದೆ. ಅಕ್ಕ ಕಿಡಕಿ ಸರಳು ಹಿಡಕೊಂಡು ನಿಂತಿದ್ಲು.

"ಅಣ್ಣಾ, ನಂದೂ ಎರಡು ಅದಾವ. ಅವನ್ನೂ ಬರಕೋರಿ."

"ಯಾವಾಗ ಹೋದ್ವು?"

"ಭಾಳ ವರ್ಷ ಆತ್ರಿ. ಕಮಲಾಪುರದಾಗ."

"ಹೆಸರು?"

"ಇಟ್ಟಿದ್ದಿಲ್ರಿ."

"ಹಳೇವು ಹಂಗ ಬರಿಯಾಕ ಬರೂದಿಲ್ರಿ ಅಕ್ಕಾರ. ಊರೂ ಬ್ಯಾರೆ. ಕೋರ್ಟಿಗೆ ಹೋಗಬೇಕಾಗ್ತದ."

"ಬರಿಯಾಕ ಬರದಿದ್ರ ಬಿಡ್ರಿ. ಕೇಳ್ರಿ ಸಾಕು" ಅಂದ್ಲು ಅಕ್ಕ. "ಒಂದರ ಬೆನ್ನ ಕೂಡಿರಲಿಲ್ಲ. ಒಂದರ ಗಂಟಲ ಕೂಡಿರಲಿಲ್ಲ. ಗ್ರಹಣ ಅಲ್ರಿ, ದೃಷ್ಟಿ ಅಲ್ರಿ." ಆಕಿ ಸರಳಿಗೆ ಮುಖ ಹಚ್ಚಿದ್ಲು. "ನಾ ಅವತ್ತು ಬೆನ್ನ ತಿಕ್ಕಿದ್ದಿಲ್ರಿ ಅಣ್ಣಾ. ಹೇಳಿದಂಗ ಮಲಗಿದ್ದೆ. ಒಂದ ಸಲಾನೂ ತಿಕ್ಕಿದ್ದಿಲ್ಲ."

ಆ ಗುಮಾಸ್ತಗ ಏನೂ ತಿಳೀಲಿಲ್ಲ. ಆದರೂ ಪೆನ್ನು ಕೆಳಗಿಟ್ಟು, "ಇಲ್ಲ ಬಿಡ್ರಿ ಅಕ್ಕಾರ, ನೀವು ತಿಕ್ಕಿಲ್ಲ" ಅಂದ.